ಕುಯ್ಯದೆ ಕಂಡದ್ದು

ರಾತ್ರಿ ಎರಡೂಮುಕ್ಕಾಲು. ಹಾಸನದ ಆಸ್ಪತ್ರೆಯಲ್ಲಿ
ಲಿಫ್ಟು ಕೆಟ್ಟು ಮೂರು ದಿನ.
ಎಕೋ ಯಂತ್ರ ತಳ್ಳಿಕೊಂಡು ಇಳಿಜಾರು ಹತ್ತುತ್ತೇನೆ,
ಒಂದು ಚಕ್ರ ಕೀಚೆನ್ನುತ್ತದೆ,
ಮಲಗಿದವರು ಮಗ್ಗುಲಾಗುತ್ತಾರೆ.

ಹನ್ನೆರಡನೇ ಮಂಚ. ಬೋರಮ್ಮ.
ಆಲೂಗಡ್ಡೆ ಮಂಡಿಯಲ್ಲಿ ಗೆಡ್ಡೆ ಆರಿಸುವವಳು,
ಉಗುರುಸಂದಿಯ ಮಣ್ಣು ಸ್ಪಿರಿಟ್ಟಿಗೂ ಬಗ್ಗಿಲ್ಲ.
ಸಂಜೆ ನಾಡಿ ಮೂವತ್ತಕ್ಕಿಳಿದಿತ್ತು;
ಕತ್ತಿನ ರಕ್ತನಾಳದಿಂದ ತಂತಿಯೊಂದನ್ನು ಇಳಿಬಿಟ್ಟು
ಗುಂಡಿಗೆಗೆ ತಾಳ ಹೇಳಿಕೊಟ್ಟಿದ್ದರು.
ತಾಳ ಈಗಲೂ ತಪ್ಪಿಲ್ಲ.
ಬಿ.ಪಿ. ಮಾತ್ರ ಎಪ್ಪತ್ತು, ಅರವತ್ತೆಂಟು,
ಹಣೆಯಲ್ಲಿ ತಣ್ಣನೆ ಬೆವರು.

"ಎಕ್ಸ್‌ರೇ ಚೆನ್ನಾಗೇ ಇದೆಯಲ್ಲ"
ತಮಗೆ ತಾವೇ ಅಂದುಕೊಳ್ಳುತ್ತಾರೆ ಡಾಕ್ಟರ್ ಲೋಹಿತ್.

ಜೆಲ್ ಹಿಂಡುತ್ತೇನೆ. "ತಣ್ಣಗಿರ್ತದೆ ಅವ್ವಾ."
ಪಕ್ಕೆಲುಬು ಮುಗಿಯುವ ಗುಳಿಯಲ್ಲಿ
ಪ್ರೋಬನ್ನು ಒತ್ತಿ, ಮೇಲಕ್ಕೆ ವಾಲಿಸುತ್ತೇನೆ.
ಬಾವಲಿಗೂ ಕೇಳದ ಸದ್ದು
ಒಳಹೋಗಿ, ತಗುಲಿ, ತಿರುಗಿ ಬರುತ್ತದೆ
ಬೂದಿ ಬಣ್ಣದಲ್ಲಿ.

ಈ ಪರದೆಯಲ್ಲಿ ಬಿಳಿ ಅಂದರೆ ಗಟ್ಟಿ,
ಕಪ್ಪು ಅಂದರೆ ನೀರು, ಇಲ್ಲವೇ ನೆತ್ತರು.
ಕಪ್ಪು ತನ್ನ ಕೋಣೆಗಳಲ್ಲಿದ್ದರೆ ನನಗೆ ನೆಮ್ಮದಿ.
ಈ ರಾತ್ರಿ ಅದು ಹೊರಗಿತ್ತು,
ಗುಂಡಿಗೆಯ ಸುತ್ತ, ಚೀಲದೊಳಗೆ, ಬಳೆಯ ಹಾಗೆ.
ಬಲಗೋಣೆ ಅರಳುವ ಹೊತ್ತಿಗೇ ಒಳಮುದುಡುತ್ತಿತ್ತು.
ತಂತಿಯ ತುದಿ, ಒಂದು ಬಿಳಿ ಚುಕ್ಕಿ,
ಗೋಡೆ ದಾಟಿ ನಿಂತಿತ್ತು.

ನೋಡುವುದು ನನ್ನ ಕೆಲಸ, ಹೇಳುವುದು ಅವರದ್ದು.
ರಿಪೋರ್ಟಿನಲ್ಲಿ ನನ್ನ ಹೆಸರಿಗೆ ಜಾಗವಿಲ್ಲ.
ಆದರೂ ಬಾಯಿ ಬಿಟ್ಟೆ:
"ಸುತ್ತ ತುಂಬಿದೆ ಸರ್. ತಂತಿ ಆಚೆ ಹೋಗಿದೆ."

ಆಮೇಲೆ ಯಾರೂ ಮಾತಾಡಲಿಲ್ಲ.
ನಾನು ಕೈ ಅಲುಗಿಸದೆ ಹಿಡಿದೆ,
ಕಪ್ಪಿನೊಳಕ್ಕೆ ಸೂಜಿ ಬಂತು, ದಾರದಷ್ಟು ಬೆಳ್ಳಗೆ.
ಇಪ್ಪತ್ತು ಎಂ.ಎಲ್. ನಲವತ್ತು. ತೊಂಬತ್ತು.
ತಂತಿಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದರು.
ಬಳೆ ಸವೆಯಿತು. ಬಲಗೋಣೆ ಆಕಳಿಸಿತು.
ನನ್ನ ಹೆಬ್ಬೆರಳಿನ ಸೆಳೆತ ಆಗ ನೆನಪಾಯಿತು.

ಮೂರನೇ ದಿನ ಮತ್ತೆ ಜೆಲ್ ಹಚ್ಚುವಾಗ ಬೋರಮ್ಮ ಕೇಳಿದಳು:
"ಮಂಡೀಲಿ ಮೂಟೆಗೊಂದು ಗೆಡ್ಡೆ ಕುಯ್ದು ನೋಡ್ತೀವಿ.
ಮೇಲೆ ನುಣ್ಣಗಿದ್ರೂ ಕೆಲವಕ್ಕೆ ನಡೂ ಮಧ್ಯ ಕಪ್ಪು.
ನೀ ಕುಯ್ಯದೆ ಹೆಂಗ್ ಕಂಡೆ?"

"ಕೇಳಿಸ್ಕೊಂಡೆ" ಅಂದೆ.
ನಂಬಲಿಲ್ಲ. ಪರದೆಯ ಕಡೆ ಕತ್ತು ಹೊರಳಿಸಿ
ತನ್ನದನ್ನು ತಾನೇ ನೋಡಿದಳು,
ಗಿರಾಕಿಯ ಕಣ್ಣಲ್ಲಿ.

"ಕುಯ್ದ ಗೆಡ್ಡೆ ಏನ್ಮಾಡ್ತೀರಿ?"
"ಚೆನ್ನಾಗಿದ್ರೆ ಮನೆಗೆ ಹೋಯ್ತದೆ" ಅಂದಳು,
"ಸಾರಿಗೆ."