ಪಟ್ಟಿ

ಹಳೆಯ ಬೋಲ್ಟು ತಂದು ಮೇಜಿನ ಮೇಲಿಟ್ಟರೆ ಮಾತ್ರ
ಹೊಸದು ಕೈಗೆ ಬರುತ್ತಿತ್ತು ನಿನ್ನ ಕಿಟಕಿಯಲ್ಲಿ.
ಗ್ರೀನಕ್ಕಿನ ಬಸ್ ಡಿಪೋದ ಉಗ್ರಾಣ,
ಇಪ್ಪತ್ತಾರು ವರ್ಷ, ಒಂದೇ ನೀಲಿ ಕೋಟು,
ಕಿವಿಯ ಹಿಂದೆ ಕಪ್ಪು ಮಾರ್ಕರು.
ಡಬ್ಬಿಗೆ ಹೆಸರು, ಬೀಗಕ್ಕೆ ಹೆಸರು,
ಚಹಾದ ಕೆಟಲಿಗೂ ಬರೆದಿದ್ದೆ: "ಉಗ್ರಾಣದ್ದು. ಒಯ್ಯಬೇಡಿ."
ನಗುತ್ತಿದ್ದೆವು ಬೆನ್ನ ಹಿಂದೆ, ಕೆಲವೊಮ್ಮೆ ಮುಂದೆಯೂ.

ಫೆಬ್ರವರಿಯಲ್ಲಿ ನೀನೇ ಹೋದೆ, ಆರ್ಚಿ ಗಿಲ್‌ಕ್ರಿಸ್ಟ್,
ಬದಲಿಗೆ ಏನನ್ನೂ ಪಡೆಯದೆ,
ಯಾರ ಸಹಿಯನ್ನೂ ಹಾಕಿಸಿಕೊಳ್ಳದೆ.

ಸಾವಿನ ಸುದ್ದಿಯ ಕೆಳಗೆ ನಿನ್ನ ತಂಗಿ ಹಾಕಿಸಿದ್ದಳು:
ಹೂವು ಬೇಡ. ಕೊಡುವುದಿದ್ದರೆ
ಲಾರ್ಗ್ಸ್ ದಂಡೆಯ ಹಾಯಿದೋಣಿ ಕೂಟಕ್ಕೆ ಕೊಡಿ,
ನಡೆಯಲಾರದವರು ಕಡಲಿಗಿಳಿಯುವಲ್ಲಿಗೆ.
ಹಾಯಿದೋಣಿಯೆ? ನೀನೆ?
ಬಸ್ಸು ತೊಳೆದ ನೀರು ಕಂಡರೂ ಸುತ್ತು ಬಳಸಿ ನಡೆಯುತ್ತಿದ್ದವನು!
ಸೆಂಗಾ ಎಂದಳು: ಇದು ಬೇರೆ ಆರ್ಚಿ ಇರಬೇಕು.

ಆದರೆ ಚಿತಾಗಾರದ ಹೊರಗೆ, ಸೋನೆಯಲ್ಲಿ,
ಏಳು ಗಾಲಿಕುರ್ಚಿಗಳು ಸಾಲಾಗಿ, ಪಾಳಿ ಮುಗಿದ ಬಸ್ಸುಗಳ ಹಾಗೆ.
ಮೋರ್ವೆನ್ ಎಂಬಾಕೆ ಹೇಳಿದಳು,
ಶನಿವಾರ ಶನಿವಾರ ಎತ್ತುರಾಟೆಯ ಬಳಿ ನಿಂತಿರುತ್ತಿದ್ದೆಯಂತೆ,
ದೋಣಿ ಹತ್ತಿದವನಲ್ಲವಂತೆ ಒಮ್ಮೆಯೂ.
ಜೋಲಿಯ ಪಟ್ಟಿ ಬಿಗಿದು, ಕೊಕ್ಕೆಯನ್ನು ಎರಡು ಸಲ ಜಗ್ಗಿ ನೋಡಿ,
"ಮೂರಕ್ಕೆ ಎತ್ತುತ್ತೇನೆ" ಎನ್ನುತ್ತಿದ್ದೆಯಂತೆ.
ಒಂದು. ಎರಡು.
ಎತ್ತಿಯೇಬಿಡುತ್ತಿದ್ದೆಯಂತೆ ಎರಡಕ್ಕೇ,
ಹೆದರಿಕೆ ಇನ್ನೂ ಮೂರಕ್ಕೆಂದು ಕಾಯುತ್ತ ಕೂತಿರುವಾಗ.
"ಅಷ್ಟರಲ್ಲಿ ನಾನು ಗಾಳಿಯಲ್ಲಿರುತ್ತಿದ್ದೆ. ಸುಳ್ಳುಗಾರ"
ಎಂದಳು, ಕಣ್ಣೊರೆಸಿಕೊಂಡಳು ಕೈಗವಸಿನಲ್ಲೇ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆನ್ನುತ್ತಾರೆ.
ಸರಿ. ಆದರೆ ಒಂದೇ ಕೆಟಲಿನ ಚಹಾ ಕುಡಿದ ನಮಗೆ?

ಪಟ್ಟಿ ಎತ್ತಿದೆವು.
ಬ್ರೇಕ್ ಪ್ಯಾಡಿನ ಖಾಲಿ ಡಬ್ಬಿ, ಮುಚ್ಚಳಕ್ಕೊಂದು ಸೀಳು.
ರಾತ್ರಿಪಾಳಿಯವರು ಹಾಕಿದರು, ಬಸ್ಸು ತೊಳೆಯುವ ಹುಡುಗರು ಹಾಕಿದರು,
ಒಂದು ವೈಪರ್ ಬ್ಲೇಡಿನ ಜಗಳಕ್ಕೆ ಒಂಬತ್ತು ವರ್ಷ
ನಿನ್ನೊಡನೆ ಮಾತುಬಿಟ್ಟಿದ್ದ ರಾಂಕಿನ್
ಇಪ್ಪತ್ತರ ನೋಟು ಎರಡು ತುರುಕಿ, ಯಾರಿಗೂ ಹೇಳಬೇಡ ಎಂದ.
ಹೇಳುತ್ತಿದ್ದೇನೆ.
ಹನಿ ಹನಿ ಕೂಡಿತು, ಹಳ್ಳವಾಗಲಿಲ್ಲ.
ದೋಣಿಗೆ ಸಾಲದು,
ಹಾಯಿಯ ಒಂದು ಮೂಲೆಗೆ ಸಾಲೀತು ಎಂದರು ಕೂಟದವರು, ನಯವಾಗಿ.
ಆಮೇಲೆ, ತುಸು ತಡೆದು: ರಾಟೆಯ ಜೋಲಿ ಸವೆದಿದೆ.

ಹೀಗೆ ಕೊಂಡೆವು ನಿನ್ನ ಸ್ಮಾರಕ:
ನೀಲಿ ನೈಲಾನು, ನಾಲ್ಕು ಕುಣಿಕೆ, ಇನ್ನೂರು ಕಿಲೋ ತಾಳುವುದು.
ಹಿತ್ತಾಳೆ ಫಲಕ ಕೂರಿಸುವಂತಿಲ್ಲ, ಮೈಗೆ ಒತ್ತುತ್ತದೆ.
ಸೆಂಗಾ ಉಗ್ರಾಣದಿಂದ ನಿನ್ನ ಮಾರ್ಕರನ್ನೇ ತಂದಿದ್ದಳು,
ಪುಸ್ತಕದಲ್ಲಿ ಬರೆಸದೆ.
ಜೋಲಿಯ ಅಡಿಮಗ್ಗುಲಿಗೆ ಬರೆದಳು:
"ಆರ್ಚಿಯದು. ಒಯ್ಯಿರಿ."

ಮೇ ತಿಂಗಳ ಮೊದಲ ಶನಿವಾರ, ಕ್ಲೈಡ್ ಮೇಲೆ ಬೂದು ಬಿಸಿಲು.
ನಿನ್ನ ಹೆಸರಿನ ಮೇಲೆ ಕೂತ ಒಬ್ಬ ಹುಡುಗ,
ಹನ್ನೊಂದಿರಬಹುದು, ಗದ್ದದಿಂದ ಚುಕ್ಕಾಣಿ ತಿರುಗಿಸುವವನು,
ಮೂಗು ಸೋರುತ್ತಿತ್ತು, ಒರೆಸಲು ಬಿಡಲಿಲ್ಲ.
ರಾಟೆಯ ಹಿಡಿ ನನ್ನ ಕೈಗೆ ಕೊಟ್ಟಿದ್ದರು.
ಗೇರ್‌ಬಾಕ್ಸ್ ಎತ್ತಿ ಗೊತ್ತು, ಮಗುವನ್ನಲ್ಲ.
ಒಂದು ಎಂದೆ. ಎರಡು ಎಂದೆ. ಕೈ ಏಳಲಿಲ್ಲ.
ಹುಡುಗ ಮೇಲೆ ನೋಡಿ ಗದರಿದ:
"ಎರಡಾಯಿತಲ್ಲ, ಇನ್ನೂ ಇಲ್ಲೇ ಇದ್ದೀನಿ?"

ದೋಣಿ ಹೋಯಿತು. ಕಂಬ್ರೇ ದ್ವೀಪದ ಕಡೆಗೆ
ವಾಲಿತು, ಮಗುಚಲಿಲ್ಲ, ಅಡಿಯಲ್ಲಿ ಸೀಸವಿದೆಯಂತೆ.

ಸಂಜೆ ಹಳೆಯ ಜೋಲಿಯನ್ನು ಮಡಚಿ ತಂದೆ,
ಕುಣಿಕೆ ಎಳೆ ಬಿಟ್ಟದ್ದು, ಉಪ್ಪು ಕಟ್ಟಿದ್ದು.
ನಿನ್ನ ಕಿಟಕಿಯ ಮೇಜಿನ ಮೇಲಿಟ್ಟೆ.
ಹೊಸ ಉಗ್ರಾಣದ ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು,
ನಿಯಮದಂತೆ ಕೇಳಿದಳು:
ಇದಕ್ಕೆ ಬದಲಾಗಿ ಏನು ಕೊಡಲಿ?