ನಡೆದಾಡುವವರಿಗೆ ಇಲ್ಲ

ಸಂಬಳದ ಚೀಟಿಯಲ್ಲಿ ಇಎಸ್‌ಐ ತೊಂಬತ್ತೊಂಬತ್ತು.
ಕೈಗೆ ಬರುವ ಮುಂಚೆಯೇ ಹೋಗಿರುತ್ತದೆ,
ಅದು ಅಷ್ಟು ನೋಯುವುದಿಲ್ಲ.
ನೋಯುವುದು ಇನ್ನೊಂದು:
ಪ್ರತಿ ಹನ್ನೊಂದನೇ ತಾರೀಖು ಫೋನು ಟಿಣ್ಣೆಂದು
ಖಾತೆಯಿಂದ ಆರುನೂರ ನಲವತ್ತು ಕಡಿತ.
ಪಾಲಿಸಿ ಮಾಡಿಸಿದ ಪುಟ್ಟಮಾದಯ್ಯ
ನಮ್ಮ ಲೈನ್ ಸೂಪರ್‌ವೈಸರಿನ ಭಾವ.
ಎರಡೂ ಇರಲಿ ಅಕ್ಕಾ, ಒಂದು ಕೈಕೊಟ್ಟರೆ ಇನ್ನೊಂದು, ಎಂದಿದ್ದ.
ಟೀ ಕುಡಿದು ಲೋಟ ತಾನೇ ತೊಳೆದಿಟ್ಟ.
ಒಳ್ಳೆಯವನೇ.

ಅರ್ಧ ದಿನ ರಜೆ ಹಾಕಿ
ಪೀಣ್ಯದ ಇಎಸ್‌ಐ ಕಿಟಕಿಯ ಮುಂದೆ ನಿಂತೆ.
ಒಳಗಿನಾಕೆ ಚೀಟಿ ತಿರುಗಿಸಿ ನೋಡಿ
'ಶುಗರಿನದು ಇದೆ, ಬಿಪಿಯದು ಇನ್ನೂ ಬಂದಿಲ್ಲ' ಎಂದಳು,
ತಡವಾದ ಬಸ್ಸಿನ ಸುದ್ದಿ ಹೇಳಿದ ಹಾಗೆ.

ಅಲ್ಲಿಂದಲೇ ಪುಟ್ಟಮಾದಯ್ಯನಿಗೆ ಫೋನು.
'ಆಸ್ಪತ್ರೆ ಮಂಚದಲ್ಲಿ ಇಪ್ಪತ್ನಾಲ್ಕು ಗಂಟೆ ಮಲಗಿದ್ರೆ
ಪೂರ್ತಿ ಕೊಡ್ತಾರೆ ಅಕ್ಕಾ.
ಮಾತ್ರೆ ನುಂಗಿ ನಡೆದಾಡೋರಿಗೆ ಇಲ್ಲ.'

ನಡೆದಾಡಿಕೊಂಡೇ ಮೆಡಿಕಲ್ ಶಾಪಿಗೆ ಹೋದೆ.
ಹತ್ತರ ಸ್ಟ್ರಿಪ್ಪಿಗೆ ನೂರಾ ಎಂಬತ್ತು.
ಅರ್ಧ ಸಾಕು ಎಂದೆ.
ಹುಡುಗ ಕತ್ತರಿಗಾಗಿ ಡ್ರಾ ತಡಕಾಡಿದ.
ನನ್ನ ಚೀಲದಲ್ಲೇ ಇತ್ತು ದಾರದ ಕತ್ತರಿ.
ದಿನಕ್ಕೆ ಐನೂರು ಷರ್ಟಿನ ಎಳೆ ತೆಗೆಯುವ ಕೈ ಇದು,
ಐದು ಎಣಿಸಿ, ಹೊಲಿಗೆಯ ಗುಂಟ ಹೋದ ಹಾಗೆ
ನೇರ ಕತ್ತರಿಸಿದೆ.

'ಚೆನ್ನಾಗಿ ಕಟ್ ಮಾಡ್ತೀರ' ಎಂದ ಹುಡುಗ.
ಎಕ್ಸ್‌ಪೈರಿ ತಾರೀಖು ಅವನ ತುಂಡಿನಲ್ಲೇ ಉಳಿಯಿತು.
ನನ್ನ ತಾರೀಖು ನನಗೆ ಗೊತ್ತು.
ನಾಳೆ ಹನ್ನೊಂದು.