ಹಲ್ಲೆಣಿಸದೆ ಕೊಂಡದ್ದು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು, ಸರಿ.
ಕಾಸು ಕೊಟ್ಟು ಕೊಂಡದ್ದರ ಹಲ್ಲನ್ನಾದರೂ ಎಣಿಸಬೇಕಿತ್ತಲ್ಲ
ನಾನು, ಅದೂ ನಾನು,
ಕುತಾಯಿಸಿ ಊರಿನ ಮುಕ್ಕಾಲು ಪಾಲು ಮುದುಕರಿಗೆ
ಹಲ್ಲುಸೆಟ್ಟು ಮಾಡಿಕೊಟ್ಟವನು.

ಕಪ್ಪು ಜರ್ಮನ್ ಕಾರು. ಚರ್ಮದ ಸೀಟು.
ಬಾಗಿಲು ಹಾಕಿದರೆ ಧಡ್ ಅನ್ನುವುದಿಲ್ಲ,
ಗುಟ್ಟು ಹೇಳಿ ತುಟಿ ಮುಚ್ಚಿಕೊಂಡ ಹಾಗೆ
ಮ್ಮ್ ಅನ್ನುತ್ತದೆ.
ಆ ಒಂದು ಸದ್ದಿಗೆ ಸೋತೆ.
ರುಸ್ತಾವಿಯ ಕಾರುಸಂತೆಯಲ್ಲಿ ಮಾರಿದವನು
ನನ್ನ ಕೈಯನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದಿದ್ದ.
ಪ್ರೀತಿ ಅಂದುಕೊಂಡೆ.

ಮೊದಲ ವಾರ ಎತೆರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು
ರಿಯೋನಿ ಹೊಳೆಯ ಸೇತುವೆ ಮೇಲೆ
ಕೆಲಸವಿಲ್ಲದೆ ನಾಲ್ಕು ಸಲ ಹೋಗಿಬಂದೆ.
ಎರಡನೆಯ ವಾರ ಹಳದಿ ದೀಪವೊಂದು ಹತ್ತಿತು.
ಆರಲೇ ಇಲ್ಲ.

ಮುರ್ಮಾನ್ ಬಾನೆಟ್ ಎತ್ತಿ
ತುಂಬ ಹೊತ್ತು ಏನೂ ಹೇಳಲಿಲ್ಲ.
ಆ ಮೌನ ನನಗೆ ಗೊತ್ತು:
ನಮ್ಮ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಹಾಗೇ ನಿಲ್ಲುತ್ತಾಳೆ.

ಅಲ್ಲಿಂದಾಚೆ ನನ್ನ ಲೆಕ್ಕವೆಲ್ಲ ಹಲ್ಲಿನಲ್ಲಿ.
ನೀರಿನ ಪಂಪಿಗೆ ಹನ್ನೊಂದು ಹಲ್ಲು.
ಗೇರ್‌ಬಾಕ್ಸಿಗೆ ಮೂವರು ಮುದುಕಿಯರ ಎರಡೆರಡು ಸಾಲು.
ಹುರುಳಿಕಾಳಿನಷ್ಟು ಒಂದು ಸೆನ್ಸರ್,
ಬರಲಿಕ್ಕೆ ಆರು ವಾರ,
ಬಂದಮೇಲೆ ಗೊತ್ತಾಯಿತು, ಕೆಟ್ಟದ್ದು ಅದಲ್ಲ:
ಅದಕ್ಕೆ ನಿವೃತ್ತ ಸ್ಟೇಷನ್ ಮಾಸ್ತರರ ಇಡೀ ಕೆಳದವಡೆ.
ಊರೆಲ್ಲ ಅಗಿಯಬೇಕಾದ್ದನ್ನು
ಇದೊಂದು ಅಗಿಯದೆ ನುಂಗಿತು.

ಸುರಾಮಿಯ ರಸ್ತೆಬದಿ, ಸಿಹಿರೊಟ್ಟಿ ಮಾರುವವರ ಸಾಲಿನಲ್ಲಿ,
ಮೂರು ಸಲ ನಿಂತಿತು, ಅದೇ ಜಾಗ.
ಸಿಯಾಲ ಎಂಬಾಕೆ ಮಣ್ಣೊಲೆಯ ಪಕ್ಕ ಸ್ಟೂಲು ಹಾಕುತ್ತಾಳೆ,
"ಇವತ್ತೇನು?" ಅಂತ ಕೇಳುತ್ತಾಳೆ
ಕಾಯಿಲೆ ಮಗುವನ್ನು ವಿಚಾರಿಸಿದ ಹಾಗೆ.
ನಾನು ದ್ರಾಕ್ಷಿ ಹೆಕ್ಕಿ ತಿನ್ನುತ್ತ ಲಾರಿಗಳನ್ನು ನೋಡುತ್ತೇನೆ.
ಕೊಳಕು ಲಾರಿಗಳು, ಹರಕು ಲಾರಿಗಳು,
ಏದುಸಿರು ಬಿಡುತ್ತ ಘಾಟಿ ಹತ್ತಿ ಹೋಗುವವು.

ಎತೆರಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
ಸಂತೆಗೆ ನಡೆದೇ ಹೋಗುತ್ತಾಳೆ,
ಸೊಪ್ಪಿನ ಚೀಲ ಹೊತ್ತು ವಾಪಸು ಬರುವಾಗ
ಕಾರಿನ ಪಕ್ಕದ ಕನ್ನಡಿಯನ್ನು ಸೆರಗುಪಟ್ಟಿಯಿಂದ ಒರೆಸಿ
ಅದರಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾಳೆ.
ಎರಡು ವರ್ಷದಲ್ಲಿ
ಅದು ಒಮ್ಮೆಯೂ ಕೈಕೊಡದೆ ಮಾಡಿದ ಕೆಲಸ ಅದೊಂದೇ.

ಮಾರುತ್ತೇನೆ ಅಂದೆ.
ಬಕುರ್ ಎಂಬ ಹುಡುಗ ಬಂದ, ತುಂಬು ಬಸುರಿ ಹೆಂಡತಿಯೊಂದಿಗೆ.
ಆ ಬೆಳಿಗ್ಗೆ, ಪಾಪಿ ಕಾರು,
ಇನ್ಸ್‌ಪೆಕ್ಟರು ಬಂದ ದಿನ ದಡ್ಡ ಹುಡುಗ
ಹತ್ತೊಂಬತ್ತರ ಮಗ್ಗಿ ಒಪ್ಪಿಸಿದ ಹಾಗೆ
ಒಂದೇ ತಿರುವಿಗೆ ಎದ್ದಿತು. ಹಳದಿ ದೀಪವೂ ಮಾಯ.
ಹುಡುಗ ಬಾಗಿಲು ಹಾಕಿದ. ಮ್ಮ್.
ಅವನ ಮುಖ ನೋಡಿದೆ.
ಆ ಮುಖ ಮೊದಲೇ ಕಂಡದ್ದಲ್ಲ,
ಆಗ ಅದನ್ನು ತೊಟ್ಟಿದ್ದವನು ನಾನು.

ಕೈ ಕುಲುಕಿದೆ. ಬಿಡಲಾಗಲಿಲ್ಲ.
ಒಂದು ಗಳಿಗೆ. ಇನ್ನೊಂದು ಗಳಿಗೆ.
ಆಮೇಲೆ ಎಲ್ಲ ಹೇಳಿಬಿಟ್ಟೆ:
ಪಂಪು, ಗೇರ್‌ಬಾಕ್ಸು, ಸುರಾಮಿ, ಸ್ಟೂಲು.
ಹುಡುಗ ಜಾಣನ ಹಾಗೆ ನಕ್ಕ:
"ಬಿಡಲು ಮನಸ್ಸಿಲ್ಲ ನಿಮಗೆ. ಇನ್ನೂರು ಹೆಚ್ಚು ಕೊಡುತ್ತೇನೆ."

ಅವಳು ಮಾತ್ರ ಕೇಳಿದಳು,
"ನವೆಂಬರಿನಲ್ಲಿ, ರಾತ್ರಿ ಹೊತ್ತು, ಆಸ್ಪತ್ರೆ ಮುಟ್ಟಿಸುತ್ತದಾ?"

ಕೀಲಿಯನ್ನು ನೋಡಿದೆ. ಅವಳ ಹೊಟ್ಟೆಯನ್ನು ನೋಡಲಿಲ್ಲ.
"ಟ್ಯಾಕ್ಸಿಯವರ ನಂಬರು ಕೊಡುತ್ತೇನೆ," ಅಂದೆ.

ಸಂಜೆ ಸುಮ್ಮನೆ ಕೂತೆ ಒಳಗೆ.
ತಿರುಗಿಸಿದೆ. ಏಳಲಿಲ್ಲ, ಬಿಡಿ.
ಎತೆರಿ ಬಂದು ಆ ಕಡೆಯ ಸೀಟಿನಲ್ಲಿ ಕೂತಳು,
ಮಡಿಲಲ್ಲಿ ಇನ್ನೂ ಸೋಸದ ಸೊಪ್ಪು.
ಬಾಗಿಲು ಎಳೆದುಕೊಂಡಳು.
ಸ್ವಲ್ಪ ಹೊತ್ತಾದ ಮೇಲೆ, ಆ ಕಡೆಗೇ ನೋಡುತ್ತ,
ತೆಗೆದು ಇನ್ನೊಂದು ಸಲ ಹಾಕಿದಳು.